ಗೋಡೆಯ ಟಿವಿಗೆ ಅಕ್ಷರ ಬಂದದ್ದು

ನನ್ನ ಗಂಟಲು ದೊಡ್ಡದು. ಇಪ್ಪತ್ತೆಂಟು ವರ್ಷ ಖಾಸಗಿ ಬಸ್ಸಿನ ಬಾಗಿಲಲ್ಲಿ ನಿಂತು 'ಹೊನ್ನಾಳಿ, ಹೊನ್ನಾಳಿ, ನ್ಯಾಮ್ತಿ, ನ್ಯಾಮ್ತಿ' ಎಂದು ಕೂಗಿದ ಕಂಡಕ್ಟರ್ ನಾನು. ಹೆಚ್ಚು ಕಾಲ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ರೂಟು. ನಡುವೆ ಮೂರು ವರ್ಷ ಜಗಳೂರಿನ ರೂಟು. ಈಗ ಮೊಣಕಾಲು ಕೈಕೊಟ್ಟು ನ್ಯಾಮತಿಯ ಮನೆಯಲ್ಲಿ ಕೂತಿದ್ದೇನೆ, ಗಂಟಲು ಮಾತ್ರ ಹಾಗೇ ಇದೆ. ಊಟಕ್ಕೆ ಕೂತು ನಾನು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಾರೆ ಎಂದು ಮಗಳು ಆಡಿಕೊಳ್ಳುತ್ತಾಳೆ. ಇಂಥ ಗಂಟಲಿನವನ ಹೆಂಡತಿಗೆ ಕಿವಿ ಕೇಳುವುದಿಲ್ಲ.

ಹುಟ್ಟಿನಿಂದ ಹಾಗಿರಲಿಲ್ಲ. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಹೆಂಡತಿಗೆ ಒಂದು ಕೆಟ್ಟ ಜ್ವರ ಬಂತು. ಇಪ್ಪತ್ತು ದಿನ ಮಲಗಿ ಎದ್ದಳು. ಎದ್ದಾಗ ಮಾತು ಇತ್ತು, ಕೇಳುವುದು ಹೋಗಿತ್ತು. ಕಿವಿಗೆ ಮಷಿನ್ ಹಾಕಿಸಿದೆವು. 'ಡಬ್ಬದಾಗೆ ಕಲ್ಲು ಹಾಕಿ ಅಲ್ಲಾಡಿಸಿದಂಗೆ ಆಗ್ತೈತ್ರಿ' ಎಂದು ಎರಡೇ ದಿನಕ್ಕೆ ಕಿತ್ತು ಬೀರುವಿನಲ್ಲಿಟ್ಟಳು. ಆದರೆ ನನ್ನ ಬಾಯಿ ಮಾತ್ರ ಅವಳಿಗೆ ಮೊದಲ ವಾರದಿಂದಲೇ ಅರ್ಥವಾಗತೊಡಗಿತು. ಗದ್ದಲದಲ್ಲಿ ಊರುಗಳ ಹೆಸರು ಕೂಗಿ ಕೂಗಿ ನನ್ನ ತುಟಿಗೆ ಒಂದೊಂದು ಅಕ್ಷರವನ್ನೂ ಅಗಲ ಮಾಡಿ ಹೇಳುವ ರೂಢಿ ಬಿದ್ದಿತ್ತಲ್ಲ. 'ನಿಮ್ಮ ಬಾಯಿ ಬಸ್ಸಿನ ಬೋರ್ಡು ಇದ್ದಂಗೆ, ದೂರದಿಂದ್ಲೇ ಓದಬಹುದು' ಎನ್ನುತ್ತಿದ್ದಳು. ಬರಬರುತ್ತ ಮಗಳ ಬಾಯಿ, ಓಣಿಯ ಹೆಂಗಸರ ಬಾಯಿ, ತರಕಾರಿಯವನ ಬಾಯಿ ಎಲ್ಲವನ್ನೂ ಓದಲು ಕಲಿತಳು. ಎದುರಿಗೆ ಮುಖ ಒಂದು ಕಂಡರೆ ಸಾಕು, ಅವಳ ಸಂಸಾರ ನಡೆಯುತ್ತಿತ್ತು.

ಟಿವಿ ಒಂದು ಮಾತ್ರ ಅವಳಿಗೆ ಒಗ್ಗಲಿಲ್ಲ. ಅಲ್ಲಿ ಮುಖಗಳು ಸರಕ್ಕನೆ ಬದಲಾಗುತ್ತವೆ, ಮಾತಾಡುವವರು ಬೆನ್ನು ತಿರುಗಿಸುತ್ತಾರೆ. ಹದಿನೈದು ವರ್ಷ ಅವಳು ಟಿವಿ ಮುಂದೆ ಕೂತು ಅವರೆಕಾಯಿ ಬಿಡಿಸಿದ್ದು, ಹೂವು ಕಟ್ಟಿದ್ದು ಅಷ್ಟೇ, ನೋಡಿದ್ದಿಲ್ಲ. ಹೋದ ವರ್ಷ ಮಗಳು ಹೊಸ ಟಿವಿ ತಂದು ಇಂಟರ್ನೆಟ್ ಹಾಕಿಸಿ, ರಿಮೋಟಿನಲ್ಲಿ ಏನೋ ಒತ್ತಿದಳು. ಧಾರಾವಾಹಿಯ ಮಾತೆಲ್ಲ ಕೆಳಗೆ ಕನ್ನಡ ಅಕ್ಷರವಾಗಿ ಬರತೊಡಗಿತು. ಬರೀ ಮಾತಲ್ಲ; ಬಾಗಿಲು ಬಡಿಯುವ ಸದ್ದು, ಮಳೆಯ ಸದ್ದು, ನಗು ಎಂದೂ ಬರೆದು ತೋರಿಸುತ್ತಿತ್ತು. ಮೊದಲ ದಿನ 'ಬಾಗಿಲು ಬಡಿಯುವ ಸದ್ದು' ಎಂದು ಓದಿದವಳೇ ಎದ್ದು ಹೋಗಿ ನಮ್ಮ ಮನೆ ಬಾಗಿಲು ತೆರೆದು ನೋಡಿ ಬಂದಳು. ನಾವು ಬಿದ್ದು ಬಿದ್ದು ನಕ್ಕೆವು, ಅವಳೂ ನಕ್ಕಳು. ಅಂದಿನಿಂದ ಸಂಜೆ ಏಳಕ್ಕೆ ನನ್ನ ವಾರ್ತೆ ಬಂದ್.

ಅದೇ ವರ್ಷ ಅವಳ ಎರಡೂ ಕಿಡ್ನಿ ಸೋತವು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗಲೇಬೇಕು ಎಂದರು ಡಾಕ್ಟರು. ಸೋಮವಾರ, ಬುಧವಾರ, ಶುಕ್ರವಾರ. ಕೈಗೆ ಎರಡು ದಪ್ಪ ಸೂಜಿ ಚುಚ್ಚಿ, ಮೈಯ ರಕ್ತವನ್ನೆಲ್ಲ ಮಷಿನ್ನಿನಲ್ಲಿ ಹಾಯಿಸಿ ತೊಳೆದು ವಾಪಸು ಬಿಡುತ್ತಾರೆ. ನಾಲ್ಕು ತಾಸು ಅಲುಗಾಡದೆ ಮಲಗಿರಬೇಕು. ನಾವು ಹೋಗುವ ಸೆಂಟರ್ ನಾನು ಬಸ್ಸಿನಲ್ಲಿ ಓಡಾಡಿದ ಆ ನಾಲ್ಕು ತಾಲ್ಲೂಕಿನೊಳಗೇ ಇದೆ. ಯಾವ ಊರಿನದು ಎಂದು ಹೇಳುವುದಿಲ್ಲ. ಅಲ್ಲಿಯವರ ಮೇಲೆ ನಾನು ಕೂಗಾಡಿದ್ದೇ ಸಾಕು, ಇನ್ನು ಬರೆದು ಬೇರೆ ಮಾನ ಕಳೆಯುವುದು ಬೇಡ.

ಆ ಹಾಲ್‌ನಲ್ಲಿ ಎಂಟು ಮಂಚ, ಎಂಟು ಮಷಿನ್. ರೋಗಿಯ ಜೊತೆಗೆ ಬಂದವರು ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂರಬೇಕು, ಗಾಜಿನ ಬಾಗಿಲಿನಿಂದ ಇಣುಕಿ ನೋಡಬಹುದು ಅಷ್ಟೇ. ಒಳಗೆ ಇರುವವರೆಲ್ಲರ ಮುಖಕ್ಕೂ ಮಾಸ್ಕು. ಸೋಂಕು ತಗಲಬಾರದಲ್ಲ, ಅದು ಸರಿಯೇ. ಆದರೆ ನನ್ನ ಹೆಂಡತಿಗೆ ಅದು ಎಂಥ ಪೆಟ್ಟು ಎಂದು ನನಗೆ ತಿಳಿಯಲು ತಿಂಗಳುಗಳೇ ಬೇಕಾದವು. ಬಾಯಿ ಕಂಡರೆ ಮಾತ್ರ ಲೋಕ ಕೇಳುವವಳಿಗೆ ಅಲ್ಲಿ ಒಂದು ಬಾಯಿಯೂ ಕಾಣುತ್ತಿರಲಿಲ್ಲ. ಸೂಜಿ ಚುಚ್ಚುವ ಟೆಕ್ನಿಷಿಯನ್ ಹುಡುಗಿ ಒಳ್ಳೆಯವಳು, ಪ್ರತಿ ಸಲವೂ 'ನೋವಾಗ್ತೈತಾ ಅಮ್ಮ' ಎಂದು ಕೇಳುತ್ತಿದ್ದಳಂತೆ. ಇವಳಿಗೆ ಕಾಣುತ್ತಿದ್ದದ್ದು ಎರಡು ಕಣ್ಣು, ಒಂದು ನೀಲಿ ಬಟ್ಟೆ.

ಆ ವರ್ಷ ದಸರಾಕ್ಕೆ ಇನ್ನೂ ಒಂದು ವಾರವಿರುವಾಗ ನಲ್ಲೂರು ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ತಮ್ಮ ತಂದೆಯ ನೆನಪಿಗೆ ಸೆಂಟರಿಗೆ ಒಂದು ದೊಡ್ಡ ಟಿವಿ ಕೊಟ್ಟರು. ಎಂಟೂ ಮಂಚಕ್ಕೆ ಕಾಣುವ ಹಾಗೆ ಎದುರು ಗೋಡೆಗೆ ಹೊಡೆದರು. ಕೇಬಲ್‌ನವನು ಬಂದು ಡಬ್ಬಿ ಕೂರಿಸಿ ಹೋದ. ರೋಗಿಗಳಿಗೆಲ್ಲ ಖುಷಿಯೋ ಖುಷಿ.

ಆಯುಧ ಪೂಜೆ ಬಂತು. ಆ ದಿನ ಮೊದಲ ಪಾಳಿ ಶುರುವಾಗುವ ಮುಂಚೆ ಮಷಿನ್‌ಗಳಿಗೆ ಪೂಜೆ ಇಟ್ಟುಕೊಂಡಿದ್ದರು. ಸೆಂಟರಿನ ಮೇಲ್ವಿಚಾರಕರು ಕಾರಿಡಾರಿಗೆ ಬಂದು, 'ಯಜಮಾನ್ರೇ, ನಿಮಗೆ ವರ್ಷ ವರ್ಷ ಬಸ್ಸಿನ ಪೂಜೆ ಮಾಡಿ ರೂಢಿ ಐತೆ, ಬರ್ರಿ, ನೀವೇ ವಿಭೂತಿ ಹಚ್ರಿ' ಎಂದು ಕರೆದರು. ನನಗೆ ಎದೆ ಉಬ್ಬಿತು. ಬಸ್ಸಿನ ಹಣೆಗೆ ವಿಭೂತಿ ಬಳಿಯುವುದರಲ್ಲಿ ನನ್ನಷ್ಟು ಹೆಸರು ಮಾಡಿದವರು ಆ ರೂಟಿನಲ್ಲಿ ಇರಲಿಲ್ಲ. ನಮ್ಮ ಡ್ರೈವರ್ ಸೂಳೆಕೆರೆ ಕಡೆಯ ಸಾಹೇಬರು. ಪ್ರತಿ ವರ್ಷ ನನ್ನ ಬೆನ್ನ ಹಿಂದೆಯೇ ನಿಂತು, 'ಅಣ್ಣಾ, ಇಲ್ಲಿಂದ ಇಲ್ಲಿಗೆ ಮಾತ್ರ. ಗಾಜಿಗೆ ಹಚ್ಚಬ್ಯಾಡ ಮಾರಾಯ, ನನಗೆ ರೋಡು ಕಾಣಬೇಕು' ಎಂದು ಬೆರಳಲ್ಲಿ ಗೆರೆ ಎಳೆದು ತೋರಿಸುತ್ತಿದ್ದರು. ಸೆಂಟರಿನಲ್ಲಿ ಹಾಗೆ ಗೆರೆ ಎಳೆಯುವವರು ಯಾರೂ ಇರಲಿಲ್ಲ.

ಕೈಕಾಲು ತೊಳೆದು, ಮಾಸ್ಕು ಹಾಕಿಕೊಂಡು ಒಳಗೆ ಹೋದೆ. ಉದುರಬಾರದು ಎಂದು ವಿಭೂತಿ ಗಟ್ಟಿಯನ್ನು ನೀರಿನಲ್ಲಿ ಚೆನ್ನಾಗಿ ತೇಯ್ದು, ಗಂಧ ಕಲಸಿ, ಎಂಟು ಮಷಿನ್‌ಗೂ ಮೂರು ಬೆರಳು ಎಳೆದು ಕುಂಕುಮ ಇಟ್ಟೆ. ತೂಕದ ಯಂತ್ರಕ್ಕೆ, ಫ್ರಿಜ್ಜಿಗೆ, ಕಂಪ್ಯೂಟರಿಗೆ ಇಟ್ಟೆ. ಕೊನೆಗೆ ಸ್ಟೂಲು ಹತ್ತಿ ಟಿವಿಗೆ. ಟಿವಿಗೆ ಹಣೆ ಯಾವುದು? ಹುಡುಕಿದೆ. ಕೆಳಗಿನ ಅಂಚಿನ ನಡುಮಧ್ಯೆ ಒಂದಿಷ್ಟು ಉಬ್ಬಿದ ಜಾಗ ಕಂಡಿತು, ಬೊಟ್ಟಿಡಲೆಂದೇ ಮಾಡಿದ ಹಾಗೆ. ಅಲ್ಲಿ ದಪ್ಪಗೆ ಹಚ್ಚಿ ಮೇಲೊಂದು ದೊಡ್ಡ ಕುಂಕುಮ ಇಟ್ಟು ಕೈ ಮುಗಿದೆ. ಹೊರಗೆ ಬಂದು, 'ಟಿವಿಗೂ ನಾನೇ ಹಚ್ಚಿದೆ ಕಣೇ' ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬುಧವಾರ ಅವಳು ಹೊರಗೆ ಬಂದಾಗ ಮುಖ ಬಾಡಿತ್ತು. ಸುಸ್ತಿರಬೇಕು ಅಂದುಕೊಂಡೆ. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿಕೊಂಡೇ ಕೂತಿದ್ದಳು. ನನ್ನ ಬಾಯಿ ನೋಡದೆ ಇರುವುದು ಅವಳ ಸಿಟ್ಟಿನ ಗುರುತು. ಆಗ ನಾನು ಎಷ್ಟು ಕಿರುಚಿದರೂ ಗಾಳಿಗೆ. ಮನೆಗೆ ಬಂದು ಕೂತ ಮೇಲೆ ಹೇಳಿದಳು. ಆ ದಿನ ಟಿವಿಯಲ್ಲಿ ಏನೋ ತಮಾಷೆ ಬಂದಿತ್ತಂತೆ. ಮಂಚದ ಮೇಲಿದ್ದವರೆಲ್ಲ ಒಟ್ಟಿಗೆ ನಕ್ಕರಂತೆ. ಪಕ್ಕದ ಮಂಚದಲ್ಲಿದ್ದ ಸೂರಗೊಂಡನಕೊಪ್ಪದ ಅಜ್ಜ ಇವಳ ಕಡೆ ತಿರುಗಿ ಏನೋ ಹೇಳಿ ಇನ್ನೂ ಜೋರಾಗಿ ನಕ್ಕನಂತೆ. ಇವಳಿಗೆ ಕಂಡದ್ದು ಏಳು ಮಾಸ್ಕು ಅಲುಗಾಡಿದ್ದು ಮಾತ್ರ.

'ನನ್ನ ನೋಡಿ ನಕ್ರೋ, ಟಿವಿ ನೋಡಿ ನಕ್ರೋ, ನನಗೆ ಹೆಂಗೆ ಗೊತ್ತಾಗ್ಬೇಕ್ರಿ?' ಎಂದಳು. 'ನಾಲ್ಕು ತಾಸು ಮರದ ದಿಮ್ಮಿ ಬಿದ್ದಂಗೆ ಬಿದ್ದಿರ್ತೀನಿ. ಯಾರ ಬಾಯಿನೂ ಕಾಣಲ್ಲ. ಏನ್ ನಡದೈತೆ ಗೊತ್ತಾಗಲ್ಲ. ಕಣ್ ಮುಚ್ಚಿದ್ರೆ ಸತ್ತೇ ಹೋದೆ ಅನ್ಸುತ್ತೆ. ಸಾಕು ಮಾಡಾನ್ರಿ.'

'ಸಾಕು ಅಂದ್ರೆ?'

'ಸಾಕು ಅಂದ್ರೆ ಸಾಕು. ನಾನಿನ್ನು ಬರಲ್ಲ.'

ಬಿಟ್ಟರೆ ಏನಾಗುತ್ತದೆ ಎಂದು ಡಾಕ್ಟರು ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದ್ದರು. ಹತ್ತು ದಿನ, ಬಹಳವೆಂದರೆ ಹದಿನೈದು. ನಾನು ಕೈ ಹಿಡಿದುಕೊಂಡು ಬೇಡಿದೆ. ಗಂಡಸು ಅಳಬಾರದು ಎಂದೆಲ್ಲ ನನಗಿಲ್ಲ, ಅತ್ತೆ. ಪರವೂರಿನಲ್ಲಿರುವ ಮಗಳು ಫೋನಿನಲ್ಲಿ ಮುಖ ತೋರಿಸಿ ಅತ್ತಳು. ಕೊನೆಗೆ, 'ಮನೆ ಟಿವಿ ಹಂಗೆ ಅಲ್ಲೂ ಅಕ್ಷರ ಬರಂಗೆ ಮಾಡಿಸ್ತೀನಿ, ಒಂದು ತಿಂಗಳು ಟೈಮ್ ಕೊಡು' ಎಂದೆ. ಅವಳು ನನ್ನ ಬಾಯನ್ನೇ ನೋಡಿದಳು. 'ಒಂದು ತಿಂಗಳು. ಆಮೇಲೆ ನೀವು ಅಳಂಗಿಲ್ಲ' ಎಂದಳು.

ಆ ಶುಕ್ರವಾರವೇ ಟೆಕ್ನಿಷಿಯನ್ ಹುಡುಗಿಯನ್ನು ಕೇಳಿದೆ. ಪಾಪ, ಅವಳು ಕೂಡಲೇ ಒಪ್ಪಿದಳು. ಅಲ್ಲಿನ ಕಂಪ್ಯೂಟರಿಗೆ ಇಂಟರ್ನೆಟ್ ಇತ್ತು, ಟಿವಿಗೂ ಕೊಡಬಹುದು ಎಂದಳು. ಆದರೆ ರಿಮೋಟು ಎರಡು. ಕೇಬಲ್ ಡಬ್ಬಿಯ ರಿಮೋಟು ಚೆನ್ನಾಗಿ ನಡೆಯುತ್ತಿತ್ತು, ಚಾನೆಲ್ ಬದಲಾಗುತ್ತಿತ್ತು; ಟಿವಿಯನ್ನು ಗೋಡೆಯ ಸ್ವಿಚ್ಚಿನಿಂದಲೇ ಹಾಕಿ ಆರಿಸುತ್ತಿದ್ದರು. ಅಕ್ಷರ ಬರಬೇಕಾದರೆ ಟಿವಿಯದೇ ರಿಮೋಟು ಬೇಕು. ಅದನ್ನು ಟಿವಿ ಬಂದ ವಾರದಿಂದ ಪ್ಲಾಸ್ಟಿಕ್ ಕವರ್ ಸಮೇತ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ತೆಗೆದು ಒತ್ತಿದರೆ ಏನೂ ಆಗಲಿಲ್ಲ. ಹೊಸ ಸೆಲ್ ಹಾಕಿದರು, ಆಗಲಿಲ್ಲ. 'ರಿಮೋಟು ಹೋಗೈತೆ ಯಜಮಾನ್ರೇ' ಎಂದಳು.

ಹೊನ್ನಾಳಿಗೆ ಹೋಗಿ ಅದೇ ಕಂಪನಿಯ ರಿಮೋಟು ತಂದೆ. ಆಗಲಿಲ್ಲ. ಚನ್ನಗಿರಿಯಲ್ಲಿ ನನ್ನ ಹಳೆಯ ಪ್ರಯಾಣಿಕನೊಬ್ಬನ ಎಲೆಕ್ಟ್ರಾನಿಕ್ಸ್ ಅಂಗಡಿ ಇದೆ, ಅವನು ಎಲ್ಲಾ ಟಿವಿಗೂ ಆಗುವ ರಿಮೋಟು ಕೊಟ್ಟ. ಮನೆಯಲ್ಲಿ ಒತ್ತಿ ನೋಡಿದರೆ ನಮ್ಮ ಟಿವಿ ಕುಣಿಯಿತು. ಸೆಂಟರಿಗೆ ಒಯ್ದು ಹುಡುಗಿಯ ಕೈಗೆ ಕೊಟ್ಟೆ, ಗಾಜಿನ ಬಾಗಿಲಿಗೆ ಮೂಗು ಒತ್ತಿ ನಿಂತು ನೋಡಿದೆ. ಅವಳು ಒತ್ತಿದಳು, ಒತ್ತಿದಳು, ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದಳು. ನನಗೆ ಪಿತ್ತ ನೆತ್ತಿಗೇರಿತು. ಸತ್ತ ಅಪ್ಪನ ಹೆಸರಿನಲ್ಲಿ ಕೆಟ್ಟ ಟಿವಿ ಕೊಟ್ಟಿದ್ದಾನೆ ಎಂದು ಆ ವ್ಯಾಪಾರಿಗೆ ಕಾರಿಡಾರಿನಲ್ಲೇ ಬಾಯಿಗೆ ಬಂದಂತೆ ಬೈದೆ.

ಆ ದಿನಗಳಲ್ಲಿ ನನಗೊಂದು ಚಟ ಹಿಡಿಯಿತು. ಎಲ್ಲಿ ಟಿವಿ ಕಂಡರೂ ಕೆಳಗೆ ಅಕ್ಷರ ಇದೆಯಾ ಎಂದು ನೋಡುವುದು. ಬಸ್ ಸ್ಟ್ಯಾಂಡಿನ ಟಿವಿ, ಸರ್ಕಾರಿ ಕಚೇರಿಯ ಟಿವಿ, ಬ್ಯಾಂಕಿನ ಟಿವಿ. ಇಪ್ಪತ್ತೆಂಟು ವರ್ಷ ಆ ಬಸ್ ಸ್ಟ್ಯಾಂಡುಗಳಲ್ಲಿ ಬದುಕಿದವನು ನಾನು, ಇದನ್ನು ಎಂದೂ ಗಮನಿಸಿರಲಿಲ್ಲ. ಜನ ಬಾಯಿ ಬಿಟ್ಟುಕೊಂಡು ಟಿವಿ ನೋಡುತ್ತಾರೆ. ಬಸ್ಸಿನ ಹಾರನ್ನು, ನನ್ನಂಥವರ ಕೂಗು, ಇವುಗಳ ನಡುವೆ ಒಬ್ಬರಿಗಾದರೂ ಒಂದು ಮಾತು ಕೇಳಿಸುವುದಿಲ್ಲ. ಅಲ್ಲಿ ನಾವೆಲ್ಲರೂ ಕಿವುಡರೇ. ನಮಗೆ ಹತ್ತು ನಿಮಿಷಕ್ಕೆ ಬಸ್ಸು ಬರುತ್ತದೆ, ಎದ್ದು ಹೋಗುತ್ತೇವೆ. ಅವಳು ಎದ್ದು ಹೋಗುವ ಹಾಗಿಲ್ಲ, ಅಷ್ಟೇ ವ್ಯತ್ಯಾಸ.

ಅಕ್ಷರ ಇದ್ದ ಒಂದೇ ಒಂದು ಟಿವಿ ಸಿಕ್ಕಿದ್ದು ಜಗಳೂರಿನಲ್ಲಿ. ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದವನು, ಊಟಕ್ಕೆ ಹೊತ್ತಿದೆ ಎಂದು ಅಲ್ಲಿನ ಒಂದು ವಾಚನಾಲಯದಲ್ಲಿ ಹೋಗಿ ಕೂತೆ. ಮೂಲೆಯಲ್ಲಿ ಟಿವಿ, ಸದ್ದೇ ಇಲ್ಲ, ಕೆಳಗೆ ಅಕ್ಷರ ಓಡುತ್ತಿದೆ! 'ಸೌಂಡ್ ಇಟ್ರೆ ಪೇಪರ್ ಓದೋರು ಬೈತಾರ್ರೀ, ಅದಕ್ಕೇ ಅಕ್ಷರ ಹಾಕೀನಿ' ಎಂದರು ಅಲ್ಲಿನ ಮೇಡಂ. ಕಿವಿ ಚೆನ್ನಾಗಿರುವವರಿಗೆ ಬೇಕಾದರೆ ಎಷ್ಟು ಬೇಗ ಆಗುತ್ತದೆ ನೋಡಿ ಎಂದು ನನಗೆ ಹೊಟ್ಟೆ ಉರಿಯಿತು. ಅವರು ರಿಮೋಟಿನ ಯಾವ ಗುಂಡಿ, ಯಾವ ಕ್ರಮ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಅದನ್ನು ಜೇಬಿನಲ್ಲಿ ಭದ್ರವಾಗಿಟ್ಟುಕೊಂಡು ಗೃಹಪ್ರವೇಶದ ಊಟವನ್ನೂ ಮರೆತು ಬಸ್ಸು ಹತ್ತಿದೆ.

ಆ ಚೀಟಿ ಹಿಡಿದು ಸೋಮವಾರ ಹೋದವನು ಮತ್ತೆ ಸೋತೆ. ಆ ದಿನ ನಾನು ಮಾಡಿದ್ದು ನೆನಪಾದರೆ ಈಗಲೂ ನಾಚಿಕೆ. 'ನಿಮಗೆ ಮಾಡಾಕೆ ಮನಸಿಲ್ಲ, ಅದಕ್ಕೇ ಆಗ್ತಿಲ್ಲ. ನಿಮ್ಮ ತಾಯಿಗೆ ಹಿಂಗಾಗಿದ್ರೆ ಸುಮ್ನೆ ಇರ್ತಿದ್ಯೇನಮ್ಮ?' ಎಂದು ಆ ಹುಡುಗಿಗೆ ಬಸ್ಸಿನ ಗಂಟಲಿನಲ್ಲೇ ಕೇಳಿಬಿಟ್ಟೆ. ಇಡೀ ಕಟ್ಟಡಕ್ಕೆ ಕೇಳಿಸಿತು. ಅವಳು ಕಣ್ಣು ತುಂಬಿಕೊಂಡು ಒಳಗೆ ಹೋಗಿ ಇವಳ ರಕ್ತದೊತ್ತಡ ನೋಡಿದಳು.

ತಿಂಗಳು ಮುಗಿಯಿತು. 'ಈ ಶುಕ್ರವಾರ ಕಡೇದು' ಎಂದು ಹೆಂಡತಿ ಸಂತೆಗೆ ಹೋಗುವ ಮಾತು ಆಡಿದಷ್ಟು ಸಲೀಸಾಗಿ ಹೇಳಿದಳು. ನನಗೆ ಅಳಬಾರದೆಂಬ ಕರಾರಿತ್ತು. ಹಿತ್ತಲಿಗೆ ಹೋಗಿ ಅತ್ತೆ.

ಗುರುವಾರ ಸಂಜೆ ಅವಳು ಧಾರಾವಾಹಿ ನೋಡುತ್ತಿದ್ದಾಗ ಕರೆಂಟು ಹೋಯಿತು. ಐದು ನಿಮಿಷಕ್ಕೆ ಬಂತು. ಟಿವಿಯ ಕೆಳ ಅಂಚಿನಲ್ಲಿ ಒಂದು ಸಣ್ಣ ಕೆಂಪು ದೀಪ ಮೊದಲು ಹೊತ್ತಿತು. ಅವಳು ರಿಮೋಟು ಕೈಯಲ್ಲಿ ಹಿಡಿದವಳು ಒತ್ತದೆ ಆ ದೀಪವನ್ನೇ ನೋಡುತ್ತ ಕೂತಳು.

ಶುಕ್ರವಾರ ನಾಲ್ಕು ತಾಸು ನಾನು ಕಾರಿಡಾರಿನಲ್ಲಿ ಗೋಡೆ ನೋಡುತ್ತ ಕೂತೆ. ಹುಡುಗಿ ಒಂದೆರಡು ಸಲ ಬಾಗಿಲ ಹತ್ತಿರ ಬಂದರೂ ತಲೆ ಎತ್ತಲು ಮುಖವಿರಲಿಲ್ಲ. ಹೆಂಡತಿ ಹೊರಗೆ ಬಂದಳು, ಕೈಗೆ ಪಟ್ಟಿ ಕಟ್ಟಿತ್ತು. ಬೆಂಚಿನ ಮೇಲೆ ನನ್ನ ಎದುರಿಗೆ ಕೂತು, ನನ್ನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು.

'ರೀ, ಆ ಟಿವಿಗೆ ವಿಭೂತಿ ಹಚ್ಚಿದ್ದು ನೀವೇ ಅಲ್ವಾ?'

'ಹೌದು, ನಾನೇ. ಯಾಕೆ?'

'ನಮ್ಮನೆ ಟಿವಿಗೆ ಕೆಳಗೆ ಒಂದು ಕೆಂಪು ದೀಪ ಐತೆ. ರಿಮೋಟು ಅದರ ಕಡೆ ಹಿಡಿದ್ರೇನೇ ಕೆಲಸ ಮಾಡೋದು. ಮುಂದೆ ಹೂವಿನ ಪಾಟ್ ಬಂದ್ರೂ ಒತ್ತಿದ್ದು ಹತ್ತಲ್ಲ, ನೀವೇ ಎಷ್ಟು ಸಲ ಬೈದೀರಿ. ಇಲ್ಲಿ ಟಿವಿಗೆ ಆ ದೀಪ ಇಲ್ಲ. ಇವತ್ತು ನಾಲ್ಕು ತಾಸು ಹುಡುಕಿದೆ. ದೀಪ ಇರಬೇಕಾದ ಜಾಗದಾಗೆ ನಿಮ್ಮ ವಿಭೂತಿ ಐತೆ.'

'ಹೋಗೇ, ವಿಭೂತಿ ಹಚ್ಚಿದ್ರೆ ಟಿವಿ ಕೆಡ್ತೈತಾ' ಎಂದೆ. ಅಂದ ಕೂಡಲೇ ನೆನಪಾಯಿತು: ಗಾಜಿಗೆ ಹಚ್ಚಬ್ಯಾಡ ಮಾರಾಯ, ನನಗೆ ರೋಡು ಕಾಣಬೇಕು. ಡ್ರೈವರ್ ಸಾಹೇಬರ ಮಾತು ಕಿವಿಯಲ್ಲಿ ಕೂತುಬಿಟ್ಟಿತು. ಅಯ್ಯೋ ಶಿವನೇ!

ಎದ್ದು ಗಾಜಿನ ಬಾಗಿಲು ಬಡಿದೆ. ಹುಡುಗಿ ಬಂದಳು. ಅವಳ ಮುಖ ನೋಡಲಾರದೆ ನೆಲ ನೋಡುತ್ತ, 'ತಾಯೀ, ಒಂದ್ಸಲ ಒಳಗೆ ಬಿಡು, ಆ ಟಿವಿ ವಿಭೂತಿ ಒರಸಬೇಕು' ಎಂದೆ. ಈ ಮುದುಕನಿಗೆ ತಲೆ ಕೆಟ್ಟಿತು ಅಂದುಕೊಂಡಿರಬೇಕು. 'ಅದು ಪೂಜೆದು ಅಂತ ನಾವ್ಯಾರೂ ಮುಟ್ಟಿಲ್ಲ ಯಜಮಾನ್ರೇ. ಕಸ ಹೊಡೆಯೋ ಅಕ್ಕ ಟಿವಿ ಎಲ್ಲಾ ಒರಸ್ತಾಳೆ, ಅದೊಂದು ಜಾಗ ಬಿಟ್ಟು' ಎಂದಳು. ನಾಲ್ಕು ತಿಂಗಳು ಅಲ್ಲಿಯ ಪ್ರತಿಯೊಬ್ಬರೂ ನನ್ನ ಭಕ್ತಿಗೆ ಮರ್ಯಾದೆ ಕೊಟ್ಟಿದ್ದರು. ನಾನು ಪ್ರತಿಯೊಬ್ಬರನ್ನೂ ಬೈದಿದ್ದೆ.

ಪಾಳಿ ಮುಗಿದು ಮಂಚಗಳು ಖಾಲಿಯಾಗಿದ್ದವು. ಸ್ಟೂಲು ಹತ್ತಿದೆ. ಮನಸ್ಸಿನಲ್ಲೇ ತಪ್ಪಾಯಿತು ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಉಜ್ಜಿದೆ. ಗಂಧ ಕಲಸಿದ್ದೆನಲ್ಲ, ಸಿಮೆಂಟಿನ ಹಾಗೆ ಹಿಡಿದಿತ್ತು. ಮೂರನೇ ಸಲ ಉಜ್ಜಿದಾಗ ಅದರೊಳಗಿನಿಂದ ಒಂದು ಸಾಸಿವೆಯಷ್ಟು ಕೆಂಪು ದೀಪ ಕಂಡಿತು. ಹುಡುಗಿ ಕೆಳಗಿನಿಂದ ಹಳೆಯ ರಿಮೋಟನ್ನೇ ಒತ್ತಿದಳು, ಬೀರುವಿನಲ್ಲಿಟ್ಟಿದ್ದ ಆ ಮೊದಲನೆಯದನ್ನೇ. ಟಿವಿ ಸುಮ್ಮನೆ, ಏನೂ ಆಗೇ ಇಲ್ಲವೆಂಬಂತೆ ಮಾತು ಕೇಳಿತು. ನಾನು ಜೇಬಿನಿಂದ ಜಗಳೂರಿನ ಚೀಟಿ ತೆಗೆದುಕೊಟ್ಟೆ. ಅವಳು ಟಿವಿಗೆ ಇಂಟರ್ನೆಟ್ ಕೊಟ್ಟು ಅದರಂತೆ ಒತ್ತಿದಳು, ಕೆಳಗೆ ಕನ್ನಡ ಅಕ್ಷರ ಬಂತು. ಸ್ಟೂಲಿನಿಂದ ಇಳಿದೆ.

'ಇನ್ನು ಬರಲ್ಲ ಅಂದಿದ್ಲು ಇವಳು, ಆ ಸಂಕಟಕ್ಕೆ ನಿನಗೆ ಬೈದುಬಿಟ್ಟೆನಲ್ಲ ತಾಯಿ' ಎಂದೆ.

'ನಮ್ಮಪ್ಪನೂ ನಿಮ್ಮಂಗೇ, ಮೊದ್ಲು ಬೈದು ಆಮೇಲೆ ಅಳ್ತಾನೆ' ಎಂದಳು.

ಆಮೇಲೆ ಅವಳು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನನ್ನ ಜೊತೆ ಕಾರಿಡಾರಿಗೆ ಬಂದಳು. ಬೆಂಚಿನ ಮೇಲೆ ಕೂತಿದ್ದ ಹೆಂಡತಿಯ ಮುಂದೆ ಮಂಡಿಯೂರಿ ಕೂತಳು. ಎರಡೂ ಕಿವಿಯಿಂದ ಮಾಸ್ಕು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ, 'ಅಮ್ಮಾ, ಸೋಮವಾರ ಬರ್ತೀರಲ್ಲ?' ಎಂದು ಕೇಳಿದಳು. ವಾರಕ್ಕೆ ಮೂರು ಸಲ ತನಗೆ ಸೂಜಿ ಚುಚ್ಚುತ್ತಿದ್ದವಳ ಮುಖವನ್ನು ಹೆಂಡತಿ ನೋಡಿದ್ದು ಅದೇ ಮೊದಲು. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಸ್ವಲ್ಪ ಮುಂದೆ, ಕೆನ್ನೆಯಲ್ಲಿ ಒಂದು ಮಚ್ಚೆ. ಹೆಂಡತಿ ಅವಳ ಕೆನ್ನೆ ಮುಟ್ಟಿದಳು, ಆದರೆ ಬರುತ್ತೇನೆ ಎನ್ನಲಿಲ್ಲ.

ಶನಿವಾರ ನಾನೂ ಕೇಳಲಿಲ್ಲ. ಭಾನುವಾರವೂ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಗಂಟಲು ಅಷ್ಟು ಸುಮ್ಮನಿದ್ದದ್ದು ಆ ಎರಡು ದಿನ ಮಾತ್ರ. ಸೋಮವಾರ ಬೆಳಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ಸೀರೆ ಉಟ್ಟು, ಆಸ್ಪತ್ರೆಯ ಚೀಲ ಹಿಡಿದು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. 'ಲಗೂನೆ ಬರ್ರೀ, ಬಸ್ಸು ತಪ್ಪುತ್ತೆ' ಎಂದಳು. ಕಂಡಕ್ಟರಿಗೆ ಹೇಳುವ ಮಾತಾ ಇದು!

ಆ ದಿನ ಕಾರಿಡಾರಿನಲ್ಲಿ ಕೂತು ಕಾಯುತ್ತಿದ್ದೆ. ಎರಡು ತಾಸು ಕಳೆದಿರಬೇಕು. ಒಳಗಿನಿಂದ ಒಂದು ನಗು ಕೇಳಿಸಿತು, ಒಂದೇ ಒಂದು, ಜೋರಾಗಿ. ಅದರ ಹಿಂದೆಯೇ ಉಳಿದವರ ನಗು. ಎದ್ದು ಗಾಜಿನಲ್ಲಿ ಇಣುಕಿದೆ. ತನ್ನ ನಗು ಎಷ್ಟು ಜೋರು ಎಂದು ಅವಳಿಗೆ ತಿಳಿಯುವುದಿಲ್ಲ. ಅದಕ್ಕೇ ಕಿವಿ ಹೋದಂದಿನಿಂದ ಹೊರಗಿನವರ ಮುಂದೆ ಬಾಯಿಗೆ ಸೆರಗು ಹಿಡಿದೇ ನಗುವವಳು. ಇಲ್ಲಿ ಒಂದು ಕೈಗೆ ಸೂಜಿ, ಇನ್ನೊಂದು ಕೈಗೆ ರಕ್ತದೊತ್ತಡದ ಪಟ್ಟಿ, ಸೆರಗು ಹಿಡಿಯಲು ಕೈಯೇ ಇರಲಿಲ್ಲ. ಟಿವಿಯಲ್ಲಿ ಮಾತಾಡುವವರು ಮಾತು ಮುಗಿಸುವ ಮುಂಚೆಯೇ ಕೆಳಗೆ ಪೂರಾ ಸಾಲು ಬಂದುಬಿಡುತ್ತದೆ. ಹಾಗಾಗಿ ಎಂಟು ಜನರಲ್ಲಿ ಎಲ್ಲರಿಗಿಂತ ಮೊದಲು ನಕ್ಕವಳು ಅವಳೇ. ಸೂರಗೊಂಡನಕೊಪ್ಪದ ಅಜ್ಜ ಕತ್ತು ಹೊರಳಿಸಿ ಇವಳನ್ನು ನೋಡುತ್ತಿದ್ದ, ಏನದು ತಮಾಷೆ ಎಂದು ತಿಳಿದುಕೊಳ್ಳಲು.

ಮೊನ್ನೆ ಮತ್ತೆ ಆಯುಧ ಪೂಜೆ ಬಂತು. ಮೇಲ್ವಿಚಾರಕರು ಈ ಸಲವೂ ನನ್ನನ್ನೇ ಕರೆದರು, ಸ್ವಲ್ಪ ನಗುತ್ತಲೇ. ನಾನು ವಿಭೂತಿ ತಟ್ಟೆ ಹಿಡಿದು ಒಳಗೆ ಹೊರಟಾಗ ಹೆಂಡತಿ ಬೆಂಚಿನಿಂದ ಎದ್ದು ಬಂದಳು. ನನ್ನ ಬೆನ್ನ ಹಿಂದೆ ನಿಂತು, ಗಾಜಿನ ಬಾಗಿಲ ಆಚೆಗಿದ್ದ ಟಿವಿಯ ಮೇಲಿನ ಅಂಚನ್ನು ತೋರಿಸಿ, ಗಾಳಿಯಲ್ಲಿ ಬೆರಳಿನಿಂದ ಗೆರೆ ಎಳೆದಳು.

'ಇಲ್ಲಿಂದ ಇಲ್ಲಿಗೆ ಮಾತ್ರ ಹಚ್ರಿ' ಎಂದಳು. 'ನಾನು ಮುಂದಿನ ವರ್ಷನೂ ನೋಡಬೇಕು.'